ಟೇಬಲ್ ಪಟ್ಟಿ ತೋರಿಸೋಕೂ ಒಂದು ನಿಮಿಷ ಬೇಕಾ? ಮೆಟಾಡೇಟಾ ಕಮಾಂಡ್ ನಿಧಾನವಾದಾಗ ಕಾರಣ ಹುಡುಕುವ ಸಮಗ್ರ ಮಾರ್ಗದರ್ಶಿ

ಡೇಟಾಬೇಸ್ ಟೂಲ್ ತೆರೆದು ಎಡಗಡೆ ಸ್ಕೀಮಾ ಹೆಸರಿನ ಪಕ್ಕದ ಬಾಣ ಒತ್ತುತ್ತೀರಿ. ಟೇಬಲ್‌ಗಳ ಪಟ್ಟಿ ಬರಬೇಕು, ಬರುವುದಿಲ್ಲ. ಚಕ್ರ ಸುತ್ತುತ್ತಲೇ ಇರುತ್ತದೆ. ಹತ್ತು ಸೆಕೆಂಡ್ ಆಯಿತು, ಇಪ್ಪತ್ತಾಯಿತು, ನಲವತ್ತಾಯಿತು. ಅದೇ ಡೇಟಾಬೇಸ್‌ನಲ್ಲಿ ಲಕ್ಷಾಂತರ ಸಾಲುಗಳಿರುವ ಟೇಬಲ್‌ಗೆ ಒಂದು ಕ್ವೆರಿ ಹಾಕಿದರೆ ಮಾತ್ರ ತಕ್ಷಣ ಉತ್ತರ ಬರುತ್ತದೆ. ಡೇಟಾ ಬೇಗ ಸಿಗುತ್ತದೆ, ಟೇಬಲ್ ಹೆಸರು, ಕಾಲಮ್ ವಿವರದಂಥ ಮೆಟಾಡೇಟಾ ಸಿಗಲ್ಲ. ವಿಚಿತ್ರ ಅಲ್ವಾ?

ಇಂಥ ಹೊತ್ತಲ್ಲಿ ಹೆಚ್ಚಿನವರು ಟೂಲ್ ಬದಲಿಸುತ್ತಾರೆ. ಇಲ್ಲಾ ಸರ್ವರ್‌ಗೆ ಇನ್ನಷ್ಟು ಮೆಮೊರಿ ಕೇಳುತ್ತಾರೆ. ಎರಡೂ ಆತುರದ ಕೆಲಸ. ಟೂಲ್‌ಗೆ ನಿಮ್ಮ ಟೇಬಲ್‌ಗಳ ಬಗ್ಗೆ ಮೊದಲೇ ಏನೂ ಗೊತ್ತಿರುವುದಿಲ್ಲ. ನೀವು ಬಾಣ ಒತ್ತಿದ ಕೂಡಲೇ ಅದು ಹಿಂದೆ ಒಂದು ಎಸ್‌ಕ್ಯೂಎಲ್ ಕ್ವೆರಿ ಬರೆದು ಸರ್ವರ್‌ಗೆ ಕಳಿಸುತ್ತದೆ. ಆ ಕ್ವೆರಿ ನಿಮ್ಮ ಕೈಗೆ ಸಿಕ್ಕಿತು ಅಂದರೆ ಮುಂದೆ ಇರುವುದು ಮಾಮೂಲಿ ನಿಧಾನ ಕ್ವೆರಿಯ ಕಥೆ ಅಷ್ಟೇ. ಹಾಗಾಗಿ ಈ ಬರಹದ ಅರ್ಧ ಭಾಗ ಆ ಕ್ವೆರಿಯನ್ನು ಹಿಡಿಯುವುದರ ಬಗ್ಗೆ, ಉಳಿದರ್ಧ ಹಿಡಿದ ಮೇಲೆ ಏನು ನೋಡಬೇಕು ಅನ್ನುವುದರ ಬಗ್ಗೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್ ಮತ್ತು ಸೆಟ್ಟಿಂಗ್ ಹೆಸರುಗಳನ್ನು ಓದಲು ಸುಲಭವಾಗಲಿ ಅಂತ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಹಂತ 1: ಎಲ್ಲಿ ತಡ ಆಗುತ್ತಿದೆ ಅಂತ ಅಳೆಯಿರಿ

ಮೆಟಾಡೇಟಾ ನಿಧಾನವಾಗಲು ಮುಖ್ಯವಾಗಿ ಮೂರು ಕಾರಣ. ಟೂಲ್ ಸರ್ವರ್‌ಗೆ ಸಾವಿರ ಸಲ ಹೋಗಿಬರುತ್ತಿರಬಹುದು. ಒಂದೇ ಕ್ವೆರಿ ಹೋಗಿದ್ದರೂ ಅದು ತುಂಬಾ ಭಾರವಾಗಿರಬಹುದು. ಇಲ್ಲವೇ ಕ್ವೆರಿ ಏನೂ ಮಾಡದೆ ಯಾವುದೋ ಲಾಕ್‌ಗೆ, ಅಂದರೆ ಇನ್ನೊಬ್ಬರು ಹಾಕಿದ ಬೀಗ ತೆಗೆಯುವುದಕ್ಕೆ, ಕಾಯುತ್ತಾ ನಿಂತಿರಬಹುದು. ಹೊರಗಿಂದ ನೋಡಿದರೆ ಮೂರೂ ಒಂದೇ ಥರ, ಚಕ್ರ ಸುತ್ತುತ್ತದೆ. ಪರಿಹಾರ ಮಾತ್ರ ಮೂರಕ್ಕೂ ಬೇರೆ ಬೇರೆ. ಯಾವುದು ಅಂತ ತಿಳಿಯದೆ ಕೈ ಹಾಕಿದರೆ ಸುಮ್ನೆ ದಿನ ಹಾಳು.

ಮೊದಲು 'ಸೆಲೆಕ್ಟ್ 1' ಓಡಿಸಿ ಸಮಯ ನೋಡಿ. ಪೋಸ್ಟ್‌ಗ್ರೆಸ್‌ನ ಪಿಎಸ್‌ಕ್ಯೂಎಲ್ ಆದರೆ \ಟೈಮಿಂಗ್ ಆನ್ ಮಾಡಿಕೊಳ್ಳಿ. ಮೈಎಸ್‌ಕ್ಯೂಎಲ್ ಕ್ಲೈಂಟ್ ತಾನಾಗಿಯೇ ಸಮಯ ತೋರಿಸುತ್ತದೆ. ಈ ಕ್ವೆರಿಗೆ ಸರ್ವರ್ ಮಾಡುವ ಕೆಲಸ ಏನೂ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಇಲ್ಲಿ ಕಾಣುವ ಸಮಯ ಅಂದರೆ ನಿಮ್ಮ ಮಷೀನ್‌ನಿಂದ ಸರ್ವರ್‌ಗೆ ಒಂದು ಸಲ ಹೋಗಿಬರಲು ಹಿಡಿಯುವ ಹೊತ್ತು. 1 ಮಿಲಿಸೆಕೆಂಡ್ ಬಂದರೆ ನೆಟ್‌ವರ್ಕ್ ಮೇಲೆ ಅನುಮಾನ ಬೇಡ. 40 ಅಥವಾ 200 ಮಿಲಿಸೆಕೆಂಡ್ ಬಂದರೆ ಆ ಸಂಖ್ಯೆ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ನಿಧಾನವಾಗಿರುವ ಕಮಾಂಡನ್ನು ಮೂರು ಸಲ ಬೆನ್ನುಬೆನ್ನಿಗೆ ಓಡಿಸಿ. ಮೊದಲ ಸಲ ಮಾತ್ರ ತಡವಾಗಿ ಆಮೇಲೆ ಬೇಗ ಬಂದರೆ ಕ್ಯಾಶ್ ತಣ್ಣಗಿತ್ತು, ಬೇಕಾದದ್ದು ಇನ್ನೂ ಮೆಮೊರಿಗೆ ಬಂದಿರಲಿಲ್ಲ ಅಂತ ಅರ್ಥ. ಮೂರು ಸಲವೂ ಸುಮಾರು ಒಂದೇ ಸಮಯ ಹಿಡಿದರೆ ಕೆಲಸವೇ ಜಾಸ್ತಿ ಇದೆ. ಒಮ್ಮೆ ತಟ್ಟನೆ ಬಂದು ಇನ್ನೊಮ್ಮೆ ಬರಲೇ ಇಲ್ಲ ಅಂದರೆ ಲಾಕ್ ಇರುವ ಸಾಧ್ಯತೆ ಹೆಚ್ಚು.

ಸಾಧ್ಯವಾದರೆ ಸರ್ವರ್ ಇರುವ ಮಷೀನ್‌ಗೇ ಅಥವಾ ಅದೇ ನೆಟ್‌ವರ್ಕ್‌ನ ಇನ್ನೊಂದು ಮಷೀನ್‌ಗೆ ಎಸ್‌ಎಸ್‌ಎಚ್ ಮಾಡಿ ಅಲ್ಲಿಂದ ಅದೇ ಕಮಾಂಡ್ ಕೊಟ್ಟು ನೋಡಿ. ಅಲ್ಲಿ ಚಕಚಕ ಬಂದು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ತಡವಾದರೆ ಅರ್ಧ ಉತ್ತರ ಸಿಕ್ಕಿತು.

ಕನೆಕ್ಟ್ ಆಗುವುದೇ ತಡವಾಗುತ್ತಿದೆ ಅಂತ ಅನಿಸಿದರೂ ಒಮ್ಮೆ ಗಮನಿಸಿ ನೋಡಿ. ಮೈಎಸ್‌ಕ್ಯೂಎಲ್ ಕ್ಲೈಂಟ್ ಡೇಟಾಬೇಸ್ ಆರಿಸಿದ ಕೂಡಲೇ ಎಲ್ಲಾ ಟೇಬಲ್, ಕಾಲಮ್‌ಗಳ ಹೆಸರು ಓದಿಕೊಳ್ಳುತ್ತದೆ. ನೀವು ಟ್ಯಾಬ್ ಒತ್ತಿದಾಗ ಹೆಸರು ಪೂರ್ತಿ ಮಾಡಿಕೊಡಲಿಕ್ಕೆ ಈ ತಯಾರಿ. ಟೇಬಲ್ ಜಾಸ್ತಿ ಇದ್ದರೆ ಇಲ್ಲೇ ಕೂತುಬಿಡುತ್ತದೆ. ಹೆಸರುಗಳನ್ನು ಓದುತ್ತಿದ್ದೇನೆ, ಬೇಗ ಶುರುವಾಗಬೇಕಾದರೆ -ಎ ಕೊಡಿ ಅಂತ ಅದೇ ಒಂದು ಸಂದೇಶ ಕೂಡ ತೋರಿಸುತ್ತದೆ. ದಿನಾ ಕಣ್ಣಿಗೆ ಬೀಳುವ ಸಾಲು ಅದು, ಹಾಗಾಗಿಯೇ ಯಾರೂ ಓದುವುದಿಲ್ಲ. ದೊಡ್ಡಕ್ಷರದ ಎ ಹಾಕಿ ಕನೆಕ್ಟ್ ಮಾಡಿ ನೋಡಿ. ಅಷ್ಟರಲ್ಲೇ ಸಮಸ್ಯೆ ಮುಗಿದರೂ ಮುಗಿಯಬಹುದು.

ಹಂತ 2: ಅಡಗಿರುವ ಕ್ವೆರಿಯನ್ನು ಹಿಡಿಯಿರಿ

ಇಲ್ಲಿ ಪೋಸ್ಟ್‌ಗ್ರೆಸ್ ಬಳಸುವವರಿಗೆ ಅನುಕೂಲ ಜಾಸ್ತಿ. ಪಿಎಸ್‌ಕ್ಯೂಎಲ್ ಶುರು ಮಾಡುವಾಗ -ಇ ಕೊಡಿ, ದೊಡ್ಡಕ್ಷರದ ಇ. ಒಳಗೆ ಬಂದ ಮೇಲೆ ಆದರೆ \ಸೆಟ್ ಎಕೋ_ಹಿಡನ್ ಆನ್ ಅಂತ ಕೊಡಿ. ಆಮೇಲೆ \ಡಿ ಆರ್ಡರ್ಸ್ ಅಂತ ಒಂದು ಟೇಬಲ್‌ನ ವಿವರ ಕೇಳಿ.

ನನಗೆ ಮೊದಲ ಸಲ ಇದನ್ನು ನೋಡಿದಾಗ ನಿಜಕ್ಕೂ ಕಣ್ಣು ತೆರೆದಂತಾಯಿತು. ಎರಡು ಅಕ್ಷರದ ಕಮಾಂಡ್, ಸ್ಕ್ರೀನ್ ತುಂಬಾ ಕ್ವೆರಿ. ಮೊದಲನೆಯದು, ಪೋಸ್ಟ್‌ಗ್ರೆಸ್ ತನ್ನ ವಿವರಗಳನ್ನು ಇಟ್ಟುಕೊಳ್ಳುವ ಒಳಗಿನ ಟೇಬಲ್‌ಗಳಾದ ಪಿಜಿ_ಕ್ಲಾಸ್ ಮತ್ತು ಪಿಜಿ_ನೇಮ್‌ಸ್ಪೇಸ್ ಸೇರಿಸಿ 'ಆರ್ಡರ್ಸ್' ಅನ್ನುವ ಹೆಸರಿನದು ಯಾವುದು ಅಂತ ಹುಡುಕುತ್ತದೆ, ಅದರ ಒಐಡಿ (ಒಳಗಿನ ಗುರುತಿನ ಸಂಖ್ಯೆ) ತರುತ್ತದೆ. ಎರಡನೆಯದು ಅದು ಟೇಬಲ್ಲಾ, ವ್ಯೂವಾ, ಟ್ರಿಗರ್ ಇದೆಯಾ ಅಂತೆಲ್ಲಾ ಕೇಳುತ್ತದೆ. ಮೂರನೆಯದು ಪಿಜಿ_ಆಟ್ರಿಬ್ಯೂಟ್‌ಗೆ ಹೋಗಿ ಕಾಲಮ್‌ಗಳನ್ನು ತರುತ್ತದೆ. ಆಮೇಲೆ ಇಂಡೆಕ್ಸ್, ಕನ್‌ಸ್ಟ್ರೇಂಟ್, ಪಾಲಿಸಿ, ಟ್ರಿಗರ್, ಪಾರ್ಟಿಷನ್ ಅಂತ ಸಾಲುಸಾಲಾಗಿ ಬರುತ್ತವೆ. ಒಂದು ಮುಗಿದ ಮೇಲೆ ಇನ್ನೊಂದು, ಎಲ್ಲಾ ಒಟ್ಟಿಗೆ ಹೋಗುವುದಿಲ್ಲ. ಹೋಗಿಬರಲು 200 ಮಿಲಿಸೆಕೆಂಡ್ ಹಿಡಿಯುವ ಜಾಗದಲ್ಲಿ ಕೂತಿದ್ದರೆ ಎಂಟು ಕ್ವೆರಿಗೆ ಒಂದೂವರೆ ಸೆಕೆಂಡ್‌ಗಿಂತ ಜಾಸ್ತಿ ಬರೀ ದಾರಿಯಲ್ಲೇ ಕಳೆಯುತ್ತದೆ. ಸರ್ವರ್ ಎಷ್ಟೇ ಚುರುಕಾಗಿದ್ದರೂ ಅಷ್ಟೇ.

ಆ ಕ್ವೆರಿಗಳನ್ನು ಒಂದೊಂದಾಗಿ ಕಾಪಿ ಮಾಡಿ ಕೈಯಾರೆ ಓಡಿಸಿ. ಟೈಮಿಂಗ್ ಆನ್ ಇರಲಿ. ಸಾಮಾನ್ಯವಾಗಿ ಒಂದೇ ಒಂದು ಕ್ವೆರಿ ಸಮಯವನ್ನೆಲ್ಲಾ ತಿನ್ನುತ್ತಿರುತ್ತದೆ, ಉಳಿದವು ಪಾಪ ಪುಟ್ಟವು.

ಬಟನ್, ಮೆನು ಇರುವ ಟೂಲ್‌ಗಳಲ್ಲೂ ದಾರಿ ಇದೆ. ಡಿಬೀವರ್‌ನಲ್ಲಿ ಕ್ವೆರಿ ಮ್ಯಾನೇಜರ್ ಅಂತ ಒಂದು ವಿಂಡೋ ಇದೆ. ಟೂಲ್ ತಾನಾಗಿ ಕಳಿಸುವ ಮೆಟಾಡೇಟಾ ಕ್ವೆರಿಗಳನ್ನೂ ತೋರಿಸುವಂತೆ ಅದರ ಸೆಟ್ಟಿಂಗ್‌ನಲ್ಲಿ ಆರಿಸಿಕೊಳ್ಳಬಹುದು. ನಿಮ್ಮ ಟೂಲ್‌ನಲ್ಲಿ ಹಾಗೇನೂ ಇಲ್ಲದಿದ್ದರೆ ಸರ್ವರ್ ಕಡೆಯಿಂದ ನೋಡಿ. ಚಕ್ರ ಸುತ್ತುತ್ತಿರುವಾಗಲೇ ಇನ್ನೊಂದು ಕನೆಕ್ಷನ್ ತೆರೆದು ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ_ಸ್ಟ್ಯಾಟ್_ಆಕ್ಟಿವಿಟಿ, ಮೈಎಸ್‌ಕ್ಯೂಎಲ್‌ನಲ್ಲಿ ಶೋ ಫುಲ್ ಪ್ರೊಸೆಸ್‌ಲಿಸ್ಟ್, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಸಿಸ್.ಡಿಎಂ_ಎಕ್ಸೆಕ್_ರಿಕ್ವೆಸ್ಟ್ಸ್, ಒರಾಕಲ್‌ನಲ್ಲಿ ವಿ$ಸೆಷನ್ ನೋಡಬೇಕು. ಎಷ್ಟೋ ಟೂಲ್‌ಗಳು ಕನೆಕ್ಟ್ ಆಗುವಾಗ ತಮ್ಮ ಹೆಸರನ್ನೂ ಹೇಳಿಕೊಳ್ಳುತ್ತವೆ, ಅಪ್ಲಿಕೇಶನ್_ನೇಮ್ ಕಾಲಮ್ ನೋಡಿದರೆ ನಿಮ್ಮದು ಯಾವ ಸಾಲು ಅಂತ ಸುಲಭವಾಗಿ ಗೊತ್ತಾಗುತ್ತದೆ.

ಕ್ವೆರಿ ತುಂಬಾ ಚಿಕ್ಕದಾಗಿದ್ದು ಸಾವಿರ ಸಲ ಓಡುತ್ತಿದ್ದರೆ ಹೀಗೆ ಇಣುಕಿ ನೋಡಿದರೆ ಸಿಗುವುದಿಲ್ಲ. ಆಗ ಲಾಗ್ ಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಲಾಗ್_ಮಿನ್_ಡ್ಯುರೇಶನ್_ಸ್ಟೇಟ್‌ಮೆಂಟ್ ಅನ್ನು 0 ಮಾಡಿದರೆ ಎಲ್ಲಾ ಕ್ವೆರಿಗಳೂ ಸಮಯದ ಸಮೇತ ಲಾಗ್‌ಗೆ ಬರುತ್ತವೆ. ಇಡೀ ಸರ್ವರ್‌ಗೆ ಹೀಗೆ ಮಾಡಬೇಡಿ, ಡಿಸ್ಕ್ ತುಂಬಿಹೋದೀತು. ಆಲ್ಟರ್ ರೋಲ್ ಬಳಸಿ ನಿಮ್ಮ ಯೂಸರ್‌ಗೆ ಮಾತ್ರ ಹಾಕಿಸಿ. ಅದಕ್ಕೆ ಸೂಪರ್‌ಯೂಸರ್ ಅಧಿಕಾರ ಬೇಕು. ಹಾಕಿದ ಮೇಲೆ ಹೊಸದಾಗಿ ಕನೆಕ್ಟ್ ಆಗಬೇಕು, ಕೆಲಸ ಮುಗಿದ ಮೇಲೆ ಮರೆಯದೆ ತೆಗೆಸಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಜನರಲ್ ಲಾಗ್ ಅನ್ನು ಒಂದೆರಡು ನಿಮಿಷ ಆನ್ ಮಾಡಿ ಆಫ್ ಮಾಡಬಹುದು.

ಹಂತ 3: ಹೋಗಿಬರುವ ಲೆಕ್ಕ

ಲಾಗ್‌ನಲ್ಲಿ ಒಂದೇ ಥರದ ಕ್ವೆರಿ ಟೇಬಲ್ ಹೆಸರು ಮಾತ್ರ ಬದಲಾಗಿ ಮತ್ತೆ ಮತ್ತೆ ಬಂದಿದೆಯಾ? ಹಾಗಾದರೆ ಗುಣಾಕಾರ ಮಾಡಿ. 3,000 ಟೇಬಲ್, ಒಂದೊಂದಕ್ಕೂ ಒಂದು ಪ್ರಶ್ನೆ, ಹೋಗಿಬರಲು 40 ಮಿಲಿಸೆಕೆಂಡ್. ಒಟ್ಟು 120 ಸೆಕೆಂಡ್. ಸರ್ವರ್ ಪಕ್ಕದಲ್ಲೇ ಇದ್ದು 1 ಮಿಲಿಸೆಕೆಂಡ್ ಆಗಿದ್ದರೆ ಅದೇ ಕೆಲಸಕ್ಕೆ 3 ಸೆಕೆಂಡ್. ವಿಪಿಎನ್ ಹಾಕಿದಾಗ ಮಾತ್ರ ಟೂಲ್ ತೆವಳುತ್ತದೆ ಅನ್ನುವ ದೂರಿಗೆ ಬಹಳ ಸಲ ಕಾರಣ ಇದೇ. ಇಲ್ಲಿ ಇಂಟರ್ನೆಟ್ ವೇಗ ಎಷ್ಟು ಎಂಬಿ ಇದ್ದರೂ ಉಪಯೋಗ ಇಲ್ಲ. ತಡ ಆಗುತ್ತಿರುವುದು ದೂರದಿಂದ.

ಬಳಕೆದಾರರಾಗಿ ನೀವು ಮಾಡಬಹುದಾದದ್ದು ಕೇಳುವ ಪಟ್ಟಿಯನ್ನು ಚಿಕ್ಕದು ಮಾಡುವುದು. ಬೇಕಾದ ಒಂದೆರಡು ಸ್ಕೀಮಾ ಮಾತ್ರ ಆರಿಸಿ, ಫಿಲ್ಟರ್ ಹಾಕಿ. ಡೇಟಾಗ್ರಿಪ್‌ನಲ್ಲಿ ಯಾವ ಸ್ಕೀಮಾ ಓದಬೇಕು ಅಂತ ಕನೆಕ್ಷನ್‌ನಲ್ಲೇ ಟಿಕ್ ಮಾಡಬಹುದು. ಒರಾಕಲ್ ಆದರೆ ಎಷ್ಟು ಆಳಕ್ಕೆ ಓದಬೇಕು ಅನ್ನುವುದಕ್ಕೂ ಅದರಲ್ಲಿ ಮೂರು ಮಟ್ಟ ಇವೆ. ಬರೀ ಹೆಸರುಗಳು, ಸೋರ್ಸ್ ಕೋಡ್ ಬಿಟ್ಟು ಉಳಿದದ್ದು, ಪೂರ್ತಿ ಎಲ್ಲಾ. ಸಾವಿರಾರು ಪ್ಯಾಕೇಜ್ ಇರುವ ಸ್ಕೀಮಾಗೆ ಪೂರ್ತಿ ಮಟ್ಟ ಇಟ್ಟುಕೊಂಡು ಒದ್ದಾಡುವ ಅಗತ್ಯ ಇಲ್ಲ.

ನೀವೇ ಜಾವಾದಲ್ಲಿ ಕೋಡ್ ಬರೆಯುವವರಾದರೆ ಜೆಡಿಬಿಸಿಯ ಡೇಟಾಬೇಸ್‌ಮೆಟಾಡೇಟಾ ಬಗ್ಗೆ ಎರಡು ಮಾತು. ಪ್ರತಿ ಟೇಬಲ್‌ಗೂ ಗೆಟ್‌ಕಾಲಮ್ಸ್ ಕರೆಯಬೇಡಿ. ಸ್ಕೀಮಾ ಹೆಸರು ಕೊಟ್ಟು, ಟೇಬಲ್ ಜಾಗದಲ್ಲಿ ಶೇಕಡಾ ಚಿಹ್ನೆ ಹಾಕಿ ಒಂದೇ ಸಲಕ್ಕೆ ಎಲ್ಲಾ ಕಾಲಮ್ ತಂದು ನಿಮ್ಮ ಕೋಡ್‌ನಲ್ಲೇ ಟೇಬಲ್ ಪ್ರಕಾರ ಬೇರೆ ಮಾಡಿಕೊಳ್ಳಿ. ಸ್ಕೀಮಾ ಜಾಗದಲ್ಲಿ ನಲ್ ಕೊಟ್ಟರೆ ಎಲ್ಲಾ ಸ್ಕೀಮಾಗಳನ್ನೂ ಜಾಲಾಡಿಕೊಂಡು ಬರುತ್ತದೆ, ಅದನ್ನೂ ತಪ್ಪಿಸಿ.

ಇನ್ನೊಂದು ಸಣ್ಣ ವಿಷಯ ಇದೆ, ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಗೆಟ್‌ಕಾಲಮ್ಸ್‌ಗೆ ಕೊಡುವ ಟೇಬಲ್ ಹೆಸರು ನಿಜವಾಗಿ ಹೆಸರಲ್ಲ, ಅದು ಲೈಕ್ ಪ್ಯಾಟರ್ನ್. ಅಲ್ಲಿ ಅಂಡರ್‌ಸ್ಕೋರ್ ಅಂದರೆ 'ಯಾವುದಾದರೂ ಒಂದು ಅಕ್ಷರ'. 'ಆರ್ಡರ್_ಐಟಂಸ್' ಅಂತ ಕೊಟ್ಟರೆ ಆ ಅಂಡರ್‌ಸ್ಕೋರ್ ಜಾಗದಲ್ಲಿ ಬೇರೆ ಅಕ್ಷರ ಇರುವ ಟೇಬಲ್ ಕೂಡ ಹೊಂದುತ್ತದೆ. ತಪ್ಪು ಉತ್ತರ ಬರುವ ಅಪಾಯ ಒಂದು ಕಡೆ. ಇನ್ನೊಂದು ಕಡೆ, ನೇರ ಹೆಸರು ಕೊಟ್ಟಾಗ ಸಿಗುವ ಇಂಡೆಕ್ಸ್ ಲಾಭ ಪ್ಯಾಟರ್ನ್ ಆದಾಗ ಕೈತಪ್ಪಬಹುದು. ಗೆಟ್‌ಸರ್ಚ್‌ಸ್ಟ್ರಿಂಗ್‌ಎಸ್ಕೇಪ್ ಕೊಡುವ ಅಕ್ಷರವನ್ನು ಅಂಡರ್‌ಸ್ಕೋರ್‌ಗೆ ಮುಂಚೆ ಸೇರಿಸಿ.

ಒರಾಕಲ್‌ನ ಜೆಡಿಬಿಸಿ ಡ್ರೈವರ್ ಒಂದು ಸಲಕ್ಕೆ ತರುವುದು ಡೀಫಾಲ್ಟ್ ಆಗಿ 10 ಸಾಲು. 5,000 ಸಾಲಿನ ಪಟ್ಟಿಗೆ 500 ಸಲ ಓಡಾಟ. ಡೀಫಾಲ್ಟ್‌ರೋಪ್ರೀಫೆಚ್ ಅನ್ನುವ ಕನೆಕ್ಷನ್ ಪ್ರಾಪರ್ಟಿಯನ್ನು ಕೆಲವು ನೂರಕ್ಕೆ ಏರಿಸಿದರೆ ಓಡಾಟ ಕಡಿಮೆಯಾಗುತ್ತದೆ. ಅದೇ ಡ್ರೈವರ್‌ನಲ್ಲಿ ರಿಮಾರ್ಕ್ಸ್‌ರಿಪೋರ್ಟಿಂಗ್, ಇನ್‌ಕ್ಲೂಡ್‌ಸಿನನಿಮ್ಸ್ ಯಾರಾದರೂ ಆನ್ ಮಾಡಿಟ್ಟಿದ್ದರೆ ಆಫ್ ಮಾಡಿ ನೋಡಿ. ಎರಡೂ ಮೆಟಾಡೇಟಾ ಕ್ವೆರಿಯನ್ನು ಭಾರ ಮಾಡುತ್ತವೆ, ಅದಕ್ಕೇ ಮೊದಲಿಂದ ಆಫ್ ಇರುತ್ತವೆ.

ಹಂತ 4: ಲಾಕ್‌ಗೆ ಕಾಯುತ್ತಿದೆಯಾ ನೋಡಿ

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಸರ್ವರ್‌ನ ಸಿಪಿಯು ತಣ್ಣಗಿದೆ, ಡಿಸ್ಕ್ ಸುಮ್ಮನಿದೆ, ಆದರೂ ಟೂಲ್ ನಿಂತಿದೆ ಅಂದರೆ ಮೊದಲ ಅನುಮಾನ ಲಾಕ್ ಮೇಲೆಯೇ ಇರಬೇಕು.

ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಆದದ್ದು ಹೇಳುತ್ತೇನೆ. ಪೋಸ್ಟ್‌ಗ್ರೆಸ್ ಡೇಟಾಬೇಸ್. ಬೆಳಿಗ್ಗೆಯಿಂದ \ಡಿಟಿ ಸರಿಯಾಗಿ ಬರುತ್ತಿತ್ತು, \ಡಿಟಿ+ ಕೊಟ್ಟರೆ ಮಾತ್ರ ಅಲ್ಲೇ ಸ್ತಬ್ಧ. ಒಂದು ಪ್ಲಸ್ ಚಿಹ್ನೆಯಿಂದ ಇಷ್ಟು ವ್ಯತ್ಯಾಸ ಹೇಗೆ ಅಂತ ತಲೆ ಕೆರೆದುಕೊಂಡೆವು. ಎಕೋ_ಹಿಡನ್ ಆನ್ ಮಾಡಿ ಎರಡೂ ಕ್ವೆರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಗೊತ್ತಾಯಿತು. ಪ್ಲಸ್ ಇದ್ದದ್ದರಲ್ಲಿ ಪಿಜಿ_ಟೇಬಲ್_ಸೈಜ್ ಅನ್ನುವ ಫಂಕ್ಷನ್ ಜಾಸ್ತಿ ಇತ್ತು. ಟೇಬಲ್‌ನ ಗಾತ್ರ ಹೇಳಲು ಅದು ಆ ಟೇಬಲ್ಲನ್ನು ತೆರೆಯಬೇಕು, ತೆರೆಯಲು ಒಂದು ಹಗುರ ಲಾಕ್ ಬೇಕು. ನಮ್ಮ ತಂಡದ ಒಬ್ಬರು ಹಿಂದಿನ ರಾತ್ರಿ ತಮ್ಮ ಟೂಲ್‌ನಲ್ಲಿ ಆಟೋಕಮಿಟ್ (ಪ್ರತಿ ಕಮಾಂಡ್ ತಾನಾಗಿ ಕಮಿಟ್ ಆಗುವ ಸೆಟ್ಟಿಂಗ್) ಆಫ್ ಇಟ್ಟುಕೊಂಡು ಒಂದು ಟೇಬಲ್ ಮೇಲೆ ಆಲ್ಟರ್ ಟೇಬಲ್ ಓಡಿಸಿದ್ದರು. ಕಮಿಟ್ ಮಾಡದೆ ಹಾಗೇ ಬಿಟ್ಟು ಹೋಗಿದ್ದರು. ಆ ಟೇಬಲ್ ಮೇಲೆ ಯಾರನ್ನೂ ಒಳಗೆ ಬಿಡದ ಲಾಕ್ ರಾತ್ರಿಯಿಡೀ ಹಾಗೇ ಇತ್ತು. ನೂರಾರು ಟೇಬಲ್‌ಗಳಲ್ಲಿ ಆ ಒಂದು ಟೇಬಲ್‌ನ ಗಾತ್ರ ಸಿಗದೆ ಇಡೀ ಪಟ್ಟಿ ನಿಂತಿತ್ತು.

ಇದನ್ನು ಹುಡುಕುವ ಕ್ರಮ ಹೀಗೆ. ಪಿಜಿ_ಸ್ಟ್ಯಾಟ್_ಆಕ್ಟಿವಿಟಿಯಲ್ಲಿ ನಿಮ್ಮ ಕ್ವೆರಿಯ ಸಾಲು ನೋಡಿ. ವೇಟ್_ಇವೆಂಟ್_ಟೈಪ್ ಕಾಲಮ್‌ನಲ್ಲಿ 'ಲಾಕ್' ಅಂತ ಇದ್ದರೆ ಅನುಮಾನ ನಿಜ. ಆ ಸಾಲಿನ ಪಿಐಡಿ (ಪ್ರೊಸೆಸ್ ಸಂಖ್ಯೆ) ತೆಗೆದುಕೊಂಡು ಪಿಜಿ_ಬ್ಲಾಕಿಂಗ್_ಪಿಐಡಿಎಸ್ ಫಂಕ್ಷನ್‌ಗೆ ಕೊಡಿ, 9.6ರಿಂದ ಇದು ಇದೆ. ದಾರಿಗೆ ಅಡ್ಡ ನಿಂತವರ ಪಿಐಡಿ ಅದು ಹೇಳುತ್ತದೆ. ಈಗ ಆ ಪಿಐಡಿಯ ಸಾಲು ನೋಡಿ. ಸ್ಟೇಟ್ 'ಐಡಲ್ ಇನ್ ಟ್ರಾನ್ಸಾಕ್ಷನ್' ಅಂತ ಇದ್ದರೆ ಯಾರೋ ಟ್ರಾನ್ಸಾಕ್ಷನ್ ಶುರು ಮಾಡಿ ಮರೆತಿದ್ದಾರೆ.

ಮೊದಲು ಆ ವ್ಯಕ್ತಿಯನ್ನೇ ಕೇಳಿ. ಅವರ ಕೆಲಸ ಕಮಿಟ್ ಆಗಬೇಕಾ, ರೋಲ್‌ಬ್ಯಾಕ್ ಆಗಬೇಕಾ ಅನ್ನುವುದು ಅವರಿಗೇ ಗೊತ್ತು. ಯಾರೂ ಸಿಗದೆ ನೀವೇ ತೆಗೆಯಬೇಕಾಗಿ ಬಂದರೆ ಪಿಜಿ_ಕ್ಯಾನ್ಸಲ್_ಬ್ಯಾಕೆಂಡ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಯಾಕಂದರೆ ನಿಲ್ಲಿಸಲು ಯಾವ ಕ್ವೆರಿಯೂ ಓಡುತ್ತಿರುವುದಿಲ್ಲ. ಪಿಜಿ_ಟರ್ಮಿನೇಟ್_ಬ್ಯಾಕೆಂಡ್ ಬೇಕು, ಅದರಿಂದ ಆ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆಗುತ್ತದೆ. ಮತ್ತೆ ಹೀಗಾಗದಂತೆ ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮೌಟ್ ಹಾಕಿಡಿ. ಮನುಷ್ಯರು ಟೂಲ್‌ಗಳಿಂದ ಬಳಸುವ ರೋಲ್‌ಗಳಿಗಂತೂ ಇದು ಇರಲೇಬೇಕು ಅಂತ ನನ್ನ ಅಭಿಪ್ರಾಯ.

ಮೈಎಸ್‌ಕ್ಯೂಎಲ್‌ನಲ್ಲಿ ಇದೇ ಕಾಯಿಲೆಗೆ ಮೆಟಾಡೇಟಾ ಲಾಕ್ ಅಂತಲೇ ಹೆಸರು, 5.5ರಿಂದ ಇದೆ. ಪ್ರೊಸೆಸ್‌ಲಿಸ್ಟ್‌ನಲ್ಲಿ 'ವೇಟಿಂಗ್ ಫಾರ್ ಟೇಬಲ್ ಮೆಟಾಡೇಟಾ ಲಾಕ್' ಅಂತ ಕಾಣುತ್ತದೆ. ಅಲ್ಲಿ ಆಗುವ ಕ್ರಮ ತಿಳಿದುಕೊಂಡರೆ ಒಳ್ಳೆಯದು. ಒಬ್ಬರು ಟ್ರಾನ್ಸಾಕ್ಷನ್ ಒಳಗೆ ಬರೀ ಒಂದು ಸೆಲೆಕ್ಟ್ ಮಾಡಿ ಬಿಟ್ಟಿರುತ್ತಾರೆ. ಇನ್ನೊಬ್ಬರ ಆಲ್ಟರ್ ಟೇಬಲ್ ಅದಕ್ಕಾಗಿ ಕಾಯುತ್ತದೆ. ಆ ಆಲ್ಟರ್‌ನ ಹಿಂದೆ ಆ ಟೇಬಲ್ ಮುಟ್ಟುವ ಎಲ್ಲರೂ ಸಾಲಲ್ಲಿ ನಿಲ್ಲುತ್ತಾರೆ, ಬರೀ ಓದುವವರು ಕೂಡ. ಇಂಥ ಹೊತ್ತಲ್ಲಿ ಹೊಸದಾಗಿ ಕನೆಕ್ಟ್ ಆದ ಕ್ಲೈಂಟ್, ಹೆಸರುಗಳನ್ನು ಓದಿಕೊಳ್ಳುವ ಆ ತಯಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಸಮಸ್ಯೆ ಹುಡುಕಲು ಒಳಗೆ ಹೋಗುವವರಿಗೇ ಬಾಗಿಲು ತೆರೆಯುವುದಿಲ್ಲ. ಆಗಲೂ -ಎ ಸಹಾಯಕ್ಕೆ ಬರುತ್ತದೆ. ಒಳಗೆ ಹೋದ ಮೇಲೆ ಸಿಸ್.ಸ್ಕೀಮಾ_ಟೇಬಲ್_ಲಾಕ್_ವೇಟ್ಸ್ ನೋಡಿದರೆ ಯಾರು ಯಾರನ್ನು ತಡೆದಿದ್ದಾರೆ ಅಂತ ಸಿಗುತ್ತದೆ. ತಾನಾಗಿ ಬಿಡುತ್ತದೆ ಅಂತ ಕಾಯಬೇಡಿ. ಲಾಕ್_ವೇಟ್_ಟೈಮೌಟ್‌ನ ಡೀಫಾಲ್ಟ್ 3,15,36,000 ಸೆಕೆಂಡ್, ಅಂದರೆ ಒಂದು ವರ್ಷ.

ಎಸ್‌ಕ್ಯೂಎಲ್ ಸರ್ವರ್ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ಟೇಬಲ್‌ಗಳ ನೋಡ್ ಬಿಡಿಸುವಾಗ ಎರರ್ 1222 ಬಂದರೆ ಕಾರಣ ಇದೇ. ಯಾರೋ ಟೇಬಲ್ ರಚನೆ ಬದಲಿಸುವ ಕೆಲಸವನ್ನು ಕಮಿಟ್ ಮಾಡದೆ ಇಟ್ಟಿದ್ದಾರೆ, ಟೂಲ್ ಕಾದು ಸುಸ್ತಾಗಿ ಕೈಬಿಟ್ಟಿದೆ. ಹಂತ 2ರಲ್ಲಿ ಹೇಳಿದ ಸಿಸ್.ಡಿಎಂ_ಎಕ್ಸೆಕ್_ರಿಕ್ವೆಸ್ಟ್ಸ್‌ನಲ್ಲಿ ಎಲ್‌ಸಿಕೆ_ಎಂ_ಎಸ್‌ಸಿಎಚ್_ಎಸ್ ಅನ್ನುವ ವೇಟ್ ಕಾಣುತ್ತದೆ, ಪಕ್ಕದಲ್ಲೇ ಬ್ಲಾಕಿಂಗ್_ಸೆಷನ್_ಐಡಿ ಇರುತ್ತದೆ.

ಹಂತ 5: ಕ್ವೆರಿಯೇ ಭಾರವಾಗಿದ್ದರೆ

ಓಡಾಟ ಜಾಸ್ತಿ ಇಲ್ಲ, ಲಾಕ್ ಇಲ್ಲ, ಆದರೂ ಒಂದು ಕ್ವೆರಿ ಸೆಕೆಂಡ್‌ಗಟ್ಟಲೆ ಓಡುತ್ತಿದೆ. ಹಿಡಿದಿಟ್ಟ ಆ ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಅನಲೈಜ್ ಹಾಕಿ, ಬಫರ್ಸ್ ಆಯ್ಕೆಯೂ ಇರಲಿ. ಕೆಲವು ನೂರು ಸಾಲು ಕೊಡಲು ಪಿಜಿ_ಆಟ್ರಿಬ್ಯೂಟ್‌ನ ಲಕ್ಷಾಂತರ ಪೇಜ್ ಓದಿದೆ ಅಂತ ಕಂಡರೆ ಕ್ಯಾಟಲಾಗ್ ಉಬ್ಬಿದೆ.

ಕ್ಯಾಟಲಾಗ್ ಅಂದರೆ ಡೇಟಾಬೇಸ್ ತನ್ನ ಟೇಬಲ್, ಕಾಲಮ್‌ಗಳ ವಿವರ ಇಟ್ಟುಕೊಳ್ಳುವ ಜಾಗ, ಅದೂ ಟೇಬಲ್ಲೇ. ಸಾಮಾನ್ಯ ಟೇಬಲ್‌ನಂತೆ ಅಲ್ಲೂ ಡಿಲೀಟ್ ಆದ ಸಾಲುಗಳು ಸತ್ತು ಬಿದ್ದಿರುತ್ತವೆ, ವ್ಯಾಕ್ಯೂಮ್ ಬಂದು ಗುಡಿಸಬೇಕು. ಇದು ಹೇಗೆ ತುಂಬುತ್ತದೆ ಅಂತ ಒಂದು ಲೆಕ್ಕ ನೋಡಿ. 30 ಕಾಲಮ್ ಇರುವ ಒಂದು ಟೆಂಪ್ (ತಾತ್ಕಾಲಿಕ) ಟೇಬಲ್ ಮಾಡಿದರೆ ಪಿಜಿ_ಆಟ್ರಿಬ್ಯೂಟ್‌ಗೆ ಆ 30ರ ಜೊತೆ ಸಿಸ್ಟಮ್ ಕಾಲಮ್‌ಗಳದ್ದು 6, ಒಟ್ಟು 36 ಸಾಲು ಸೇರುತ್ತದೆ. ಪಿಜಿ_ಕ್ಲಾಸ್, ಪಿಜಿ_ಟೈಪ್, ಪಿಜಿ_ಡಿಪೆಂಡ್‌ನಲ್ಲಿ ಸೇರುವುದು ಬೇರೆ. ಟೇಬಲ್ ಡ್ರಾಪ್ ಆದಾಗ ಅಷ್ಟೂ ಸಾಯುತ್ತವೆ. ಒಂದು ರಿಪೋರ್ಟ್ ಜಾಬ್ ಸೆಕೆಂಡಿಗೊಂದು ಟೆಂಪ್ ಟೇಬಲ್ ಮಾಡಿ ಅಳಿಸಿದರೆ ದಿನಕ್ಕೆ 31 ಲಕ್ಷಕ್ಕೂ ಜಾಸ್ತಿ ಸತ್ತ ಸಾಲು, ಅದೂ ಒಂದೇ ಕ್ಯಾಟಲಾಗ್‌ನಲ್ಲಿ. ಆಟೋವ್ಯಾಕ್ಯೂಮ್ ಸರಿಯಾಗಿ ಓಡುತ್ತಿದ್ದರೆ ಇದನ್ನೂ ನಿಭಾಯಿಸುತ್ತದೆ. ಅದಕ್ಕೆ ಅಡ್ಡಿ ಬಂದಾಗ ತೊಂದರೆ ಶುರು.

ಗಾತ್ರ ನೋಡಲು ಪಿಜಿ_ಕ್ಯಾಟಲಾಗ್ ಸ್ಕೀಮಾದ ಟೇಬಲ್‌ಗಳನ್ನು ಪಿಜಿ_ಟೋಟಲ್_ರಿಲೇಶನ್_ಸೈಜ್ ಪ್ರಕಾರ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಮೊದಲ ಹತ್ತು ನೋಡಿ. ಕೆಲವು ನೂರು ಟೇಬಲ್ ಇರುವ ಡೇಟಾಬೇಸ್‌ನಲ್ಲಿ ಪಿಜಿ_ಆಟ್ರಿಬ್ಯೂಟ್ ಕೆಲವು ಎಂಬಿ ಇರಬೇಕು. ಜಿಬಿ ಲೆಕ್ಕದಲ್ಲಿ ಇದ್ದರೆ ಏನೋ ಎಡವಟ್ಟಾಗಿದೆ. ಪಿಜಿ_ಸ್ಟ್ಯಾಟ್_ಸಿಸ್_ಟೇಬಲ್ಸ್‌ನಲ್ಲಿ ಎನ್_ಡೆಡ್_ಟಪ್ ಮತ್ತು ಲಾಸ್ಟ್_ಆಟೋವ್ಯಾಕ್ಯೂಮ್ ಕೂಡ ನೋಡಿ.

ಆಮೇಲೆ ಪಿಜಿ_ಆಟ್ರಿಬ್ಯೂಟ್ ಮೇಲೆ ವ್ಯಾಕ್ಯೂಮ್ ವರ್ಬೋಸ್ ಅನಲೈಜ್ ಓಡಿಸಿ, ಬರುವ ಮಾತನ್ನು ಸಾಲುಸಾಲಾಗಿ ಓದಿ. ಇಷ್ಟು ತೆಗೆದೆ, ಇಷ್ಟು ಉಳಿದಿದೆ ಅಂತ ಇರುತ್ತದೆ. ಅದರ ಜೊತೆಗೆ 'ಸತ್ತಿವೆ, ಆದರೆ ಈಗಲೇ ತೆಗೆಯಲಾಗದು' ಅನ್ನುವ ಅರ್ಥದ ಒಂದು ಸಂಖ್ಯೆ ಇರುತ್ತದೆ. ಅದು ದೊಡ್ಡದಾಗಿದ್ದರೆ ಎಷ್ಟು ಸಲ ವ್ಯಾಕ್ಯೂಮ್ ಮಾಡಿದರೂ ಪ್ರಯೋಜನ ಇಲ್ಲ. ಹಳೆಯ ಸಾಲುಗಳು ಇನ್ನೂ ಬೇಕಾಗಬಹುದು ಅಂತ ಯಾರೋ ಹಿಡಿದಿಟ್ಟುಕೊಂಡಿದ್ದಾರೆ. ಹುಡುಕಬೇಕಾದ ಜಾಗ ಮುಖ್ಯವಾಗಿ ಮೂರು. ಪಿಜಿ_ಸ್ಟ್ಯಾಟ್_ಆಕ್ಟಿವಿಟಿಯಲ್ಲಿ ತುಂಬಾ ಹಳೆಯ ಬ್ಯಾಕೆಂಡ್_ಎಕ್ಸ್‌ಮಿನ್ ಇರುವ ಸೆಷನ್, ಪಿಜಿ_ಪ್ರಿಪೇರ್ಡ್_ಎಕ್ಸ್ಯಾಕ್ಟ್ಸ್‌ನಲ್ಲಿ ಬಿಟ್ಟುಹೋದ ಟ್ರಾನ್ಸಾಕ್ಷನ್, ಪಿಜಿ_ರೆಪ್ಲಿಕೇಶನ್_ಸ್ಲಾಟ್ಸ್‌ನಲ್ಲಿ ಯಾರೂ ಬಳಸದ ಸ್ಲಾಟ್ (ಬದಲಾವಣೆಗಳನ್ನು ಬೇರೆಡೆಗೆ ಕಳಿಸುವಾಗ ಎಲ್ಲಿಯವರೆಗೆ ಹೋಗಿದೆ ಅಂತ ನೆನಪಿಡುವ ಗುರುತು). ಮೂರನೆಯದನ್ನು ಜನ ಮರೆಯುವುದು ಜಾಸ್ತಿ. ಲಾಜಿಕಲ್ ಸ್ಲಾಟ್ ತನ್ನ ಕ್ಯಾಟಲಾಗ್_ಎಕ್ಸ್‌ಮಿನ್ ಮೂಲಕ ಕ್ಯಾಟಲಾಗ್‌ನ ಸತ್ತ ಸಾಲುಗಳನ್ನೇ ಹಿಡಿದಿಡುತ್ತದೆ. ನಿಮ್ಮ ಮಾಮೂಲಿ ಟೇಬಲ್‌ಗಳೆಲ್ಲಾ ಆರೋಗ್ಯವಾಗಿದ್ದು ಕ್ಯಾಟಲಾಗ್ ಮಾತ್ರ ಊದಿಕೊಂಡಿದ್ದರೆ ನೇರ ಅಲ್ಲಿಗೇ ಹೋಗಿ.

ಹಿಡಿದವರನ್ನು ಬಿಡಿಸಿದ ಮೇಲೆ ವ್ಯಾಕ್ಯೂಮ್ ಓಡಿದರೆ ಬೆಳೆಯುವುದು ನಿಲ್ಲುತ್ತದೆ. ಆದರೆ ಉಬ್ಬಿದ ಫೈಲ್ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಅದನ್ನು ಕುಗ್ಗಿಸಲು ವ್ಯಾಕ್ಯೂಮ್ ಫುಲ್ ಬೇಕು. ಇಲ್ಲಿ ಬಹಳ ಹುಷಾರಾಗಿರಿ. ಪಿಜಿ_ಆಟ್ರಿಬ್ಯೂಟ್ ಅಥವಾ ಪಿಜಿ_ಕ್ಲಾಸ್ ಮೇಲೆ ವ್ಯಾಕ್ಯೂಮ್ ಫುಲ್ ಅಂದರೆ ಅದು ಮುಗಿಯುವವರೆಗೆ ಆ ಕ್ಯಾಟಲಾಗನ್ನು ಯಾರೂ ಓದುವಂತಿಲ್ಲ. ಕ್ಯಾಟಲಾಗ್ ಓದದೆ ಡೇಟಾಬೇಸ್‌ನಲ್ಲಿ ಏನೂ ನಡೆಯುವುದಿಲ್ಲ, ಹೊಸ ಕನೆಕ್ಷನ್ ಕೂಡ ನಿಲ್ಲಬಹುದು. ಎಲ್ಲರಿಗೂ ಮೊದಲೇ ಹೇಳಿ, ಅಪ್ಲಿಕೇಶನ್ ನಿಲ್ಲಿಸಿ, ನಿರ್ವಹಣೆಯ ಸಮಯದಲ್ಲಿ ಮಾತ್ರ ಮಾಡಿ. ಮೂಲ ಕಾರಣವನ್ನೂ ಸರಿಪಡಿಸಿ. ಆ ಜಾಬ್ ಪ್ರತಿ ಸಲ ಟೆಂಪ್ ಟೇಬಲ್ ಮಾಡುವ ಬದಲು ಸೆಷನ್‌ಗೆ ಒಮ್ಮೆ ಮಾಡಿ ಖಾಲಿ ಮಾಡುತ್ತಾ ಮರುಬಳಕೆ ಮಾಡಲಿ, ಅಥವಾ ವಿತ್ ಹಾಕಿ ಬರೆದ ಒಂದೇ ಕ್ವೆರಿಯಲ್ಲಿ ಮುಗಿಯುವುದಾದರೆ ಟೆಂಪ್ ಟೇಬಲ್ಲೇ ಬೇಡ.

ಪ್ಲಸ್ ಹಾಕಿದ ಕಮಾಂಡ್‌ಗಳು ಲಾಕ್ ಇಲ್ಲದಿದ್ದರೂ ಭಾರವೇ. \ಎಲ್+ ಕೊಟ್ಟರೆ ಪ್ರತಿ ಡೇಟಾಬೇಸ್‌ನ ಫೋಲ್ಡರ್ ಒಳಗೆ ಹೋಗಿ ಒಂದೊಂದು ಫೈಲ್‌ನ ಗಾತ್ರ ಕೂಡಿಸುತ್ತದೆ. ಗಾತ್ರ ಬೇಡವಾದರೆ ಪ್ಲಸ್ ಬಿಡಿ. ಟೂಲ್‌ನಲ್ಲಿ ಟೇಬಲ್ ಪಟ್ಟಿಯ ಪಕ್ಕ ಗಾತ್ರ, ಸಾಲುಗಳ ಎಣಿಕೆ ತೋರಿಸುವ ಆಯ್ಕೆ ಆನ್ ಇದ್ದರೆ ಅದನ್ನೂ ಆಫ್ ಮಾಡಿ ನೋಡಿ.

ಮೈಎಸ್‌ಕ್ಯೂಎಲ್‌ನಲ್ಲಿ ಕಥೆ ನಿಮ್ಮ ವರ್ಷನ್ ಮೇಲೆ ನಿಂತಿದೆ. 8.0ಕ್ಕಿಂತ ಮುಂಚೆ ಇನ್ಫರ್ಮೇಶನ್_ಸ್ಕೀಮಾ ಕೇಳಿದರೆ ಸರ್ವರ್ ಒಂದೊಂದು ಟೇಬಲ್‌ನ ಫೈಲ್ ತೆರೆದು ನೋಡಬೇಕಾಗಿತ್ತು. 2018ರಲ್ಲಿ ಬಂದ 8.0ರಲ್ಲಿ ಎಲ್ಲಾ ವಿವರ ಇನ್ನೋಡಿಬಿ ಒಳಗಿನ ಡೇಟಾ ಡಿಕ್ಷನರಿಗೆ ಹೋಯಿತು, ವೇಗವೂ ಬಂತು. ಇನ್ನೂ 5.7ರಲ್ಲೇ ಇರುವವರು ಎಕ್ಸ್‌ಪ್ಲೇನ್ ಹಾಕಿ ಎಕ್ಸ್‌ಟ್ರಾ ಕಾಲಮ್ ನೋಡಿ. 'ಸ್ಕಿಪ್_ಓಪನ್_ಟೇಬಲ್' ಅಂತ ಇದ್ದರೆ ಟೇಬಲ್ ತೆರೆಯುವುದಿಲ್ಲ, ಹಗುರ. 'ಓಪನ್_ಫುಲ್_ಟೇಬಲ್' ಅಂತ ಇದ್ದರೆ ಪ್ರತಿಯೊಂದನ್ನೂ ಪೂರ್ತಿ ತೆರೆಯುತ್ತದೆ. ಸ್ಟಾರ್ ಹಾಕಿ ಎಲ್ಲಾ ಕಾಲಮ್ ಕೇಳುವ ಬದಲು ಟೇಬಲ್_ನೇಮ್ ಮಾತ್ರ ಕೇಳಿ, ಟೇಬಲ್_ಸ್ಕೀಮಾಗೆ ನೇರ ಹೆಸರು ಕೊಡಿ. ಇಷ್ಟಕ್ಕೇ ಎರಡನೆಯದು ಮೊದಲನೆಯದಾಗುತ್ತದೆ. ಇನ್ನೋಡಿಬಿ_ಸ್ಟ್ಯಾಟ್ಸ್_ಆನ್_ಮೆಟಾಡೇಟಾ ಆಫ್ ಇದೆಯಾ ಅಂತಲೂ ನೋಡಿ. 5.6.6ರಿಂದ ಡೀಫಾಲ್ಟ್ ಆಫ್. ಹಳೆಯ ಕಾನ್ಫಿಗ್ ಫೈಲನ್ನೇ ಹೊತ್ತು ತಂದ ಕಡೆ ಆನ್ ಉಳಿದಿರಬಹುದು, ಆಗ ಪಟ್ಟಿ ಕೇಳಿದಾಗೆಲ್ಲಾ ಅಂಕಿಅಂಶವನ್ನು ಹೊಸದಾಗಿ ಲೆಕ್ಕ ಹಾಕುತ್ತದೆ. 8.0ರಲ್ಲಿ ಆ ಅಂಕಿಅಂಶಗಳನ್ನು 86,400 ಸೆಕೆಂಡ್, ಅಂದರೆ ಒಂದು ದಿನ ಇಟ್ಟುಕೊಳ್ಳುತ್ತದೆ. ತಾಜಾ ಬೇಕು ಅಂತ ಇನ್ಫರ್ಮೇಶನ್_ಸ್ಕೀಮಾ_ಸ್ಟ್ಯಾಟ್ಸ್_ಎಕ್ಸ್‌ಪೈರಿಯನ್ನು 0 ಮಾಡಿಟ್ಟಿದ್ದರೆ ನಿಧಾನವಾದದ್ದು ಅದರಿಂದಲೂ ಇರಬಹುದು.

ಒರಾಕಲ್‌ನಲ್ಲಿ ಆಲ್_ ಎಂದು ಶುರುವಾಗುವ ವ್ಯೂಗಳು ನಿಮಗೆ ಯಾವುದನ್ನು ನೋಡುವ ಹಕ್ಕಿದೆ ಅಂತ ಪರಿಶೀಲಿಸುತ್ತಾ ಹೋಗುತ್ತವೆ, ಹಾಗಾಗಿ ಭಾರ. ನಿಮ್ಮ ಸ್ಕೀಮಾ ಮಾತ್ರ ಸಾಕಾದರೆ ಯೂಸರ್_ ವ್ಯೂಗಳನ್ನು ಕೇಳಿ. ಡಿಬಿಎಂಎಸ್_ಸ್ಟ್ಯಾಟ್ಸ್‌ನ ಗ್ಯಾದರ್_ಡಿಕ್ಷನರಿ_ಸ್ಟ್ಯಾಟ್ಸ್ ಮತ್ತು ಗ್ಯಾದರ್_ಫಿಕ್ಸ್ಡ್_ಆಬ್ಜೆಕ್ಟ್ಸ್_ಸ್ಟ್ಯಾಟ್ಸ್ ಕೊನೆಗೆ ಯಾವಾಗ ಓಡಿದ್ದು ಅಂತ ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು) ಹತ್ತಿರ ವಿಚಾರಿಸಿ. ಎರಡನೆಯದನ್ನು ಸರ್ವರ್ ಮಾಮೂಲಿ ಕೆಲಸದಲ್ಲಿರುವಾಗಲೇ ಓಡಿಸಬೇಕು. ಡಿಬಿಎ_ಫ್ರೀ_ಸ್ಪೇಸ್ ನಿಧಾನವಾದರೆ ರಿಸೈಕಲ್ ಬಿನ್ ತುಂಬಿದೆಯಾ ನೋಡಿ. ಪರ್ಜ್ ಮಾಡಿದರೆ ಮತ್ತೆ ವಾಪಸ್ ಸಿಗುವುದಿಲ್ಲ, ಕೇಳಿಕೊಂಡೇ ಮಾಡಿ.

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಡೇಟಾಬೇಸ್‌ಗಳ ಪಟ್ಟಿಯೇ ತೆರೆಯಲು ತಡವಾದರೆ ಆಟೋ_ಕ್ಲೋಸ್ ಆನ್ ಇರುವ ಡೇಟಾಬೇಸ್‌ಗಳಿವೆಯಾ ಅಂತ ಸಿಸ್.ಡೇಟಾಬೇಸಸ್‌ನಲ್ಲಿ ನೋಡಿ. ಕೊನೆಯ ಬಳಕೆದಾರ ಹೋದ ಮೇಲೆ ಅವು ಮುಚ್ಚಿಕೊಳ್ಳುತ್ತವೆ, ನೀವು ಪಟ್ಟಿ ಕೇಳಿದಾಗ ಒಂದೊಂದೂ ಮತ್ತೆ ತೆರೆಯಬೇಕು. ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ಇದು ಸಾಮಾನ್ಯ. ಆಫ್ ಮಾಡಿ.

ಹಂತ 6: ಟೂಲ್ ಕಡೆಯ ಕೆಲಸ, ಮತ್ತೆ ಅಳತೆ

ಡಿಬೀವರ್‌ನಲ್ಲಿ ಮೆಟಾಡೇಟಾ ಓದಲು ಬೇರೆ ಕನೆಕ್ಷನ್ ತೆರೆಯುವ ಆಯ್ಕೆ ಇದೆ. ನಿಮ್ಮ ದೊಡ್ಡ ಕ್ವೆರಿ ಓಡುತ್ತಿರುವಾಗ ಎಡಗಡೆಯ ಪಟ್ಟಿ ಸ್ತಬ್ಧವಾಗುತ್ತಿದ್ದರೆ ಇದು ಆನ್ ಇದೆಯಾ ನೋಡಿ, ಯಾಕಂದರೆ ಒಂದೇ ಕನೆಕ್ಷನ್ ಹಂಚಿಕೊಂಡರೆ ಪಟ್ಟಿ ತನ್ನ ಸರದಿಗೆ ಕಾಯಬೇಕು. ಟೂಲ್‌ನಲ್ಲಿ ಆಟೋಕಮಿಟ್ ಆನ್ ಇಡಿ, ಬೇಕಾದಾಗ ಮಾತ್ರ ಆಫ್ ಮಾಡಿ. ಡ್ರೈವರ್ ಹಳೆಯದಾಗಿದ್ದರೆ ಹೊಸದು ಹಾಕಿ, ಮೆಟಾಡೇಟಾ ಕ್ವೆರಿಗಳನ್ನು ಬರೆಯುವುದು ಎಷ್ಟೋ ಸಲ ಡ್ರೈವರ್ರೇ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮಾಡಿದ ಮೇಲೆ ಹಂತ 1ರಲ್ಲಿ ಓಡಿಸಿದ ಅದೇ ಕಮಾಂಡನ್ನು ಅದೇ ಮಷೀನ್‌ನಿಂದ ಮೂರು ಸಲ ಓಡಿಸಿ ಸಮಯ ಹೋಲಿಸಿ.

ಸರ್ವರ್ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಡಿಬಿಎಗೆ 'ಟೂಲ್ ಸ್ಲೋ ಇದೆ' ಅಂತ ಮಾತ್ರ ಬರೆಯಬೇಡಿ. ಹಿಡಿದ ಕ್ವೆರಿ, ಅದರ ಎಕ್ಸ್‌ಪ್ಲೇನ್, ಸೆಲೆಕ್ಟ್ 1ರ ಸಮಯ, ಆ ಹೊತ್ತಲ್ಲಿ ಲಾಕ್ ಇತ್ತೋ ಇಲ್ಲವೋ, ಎಷ್ಟು ಗಂಟೆಗೆ ಆದದ್ದು, ಇಷ್ಟನ್ನೂ ಕಳಿಸಿ. ಅವರು ಕೇಳಬೇಕಾದ ಮೊದಲ ನಾಲ್ಕೈದು ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇರುತ್ತದೆ.

ಸರಿಯಾಗುವವರೆಗೆ ದಿನದ ಕೆಲಸ ನಡೆಯಬೇಕಲ್ಲ, ಅದಕ್ಕೆ ನಾನು ಒಂದು ಸಣ್ಣ ಕ್ವೆರಿ ಇಟ್ಟುಕೊಂಡಿದ್ದೇನೆ. ಪಿಜಿ_ಕ್ಲಾಸ್‌ನಿಂದ ರೆಲ್‌ನೇಮ್ ಮಾತ್ರ, ರೆಲ್‌ನೇಮ್‌ಸ್ಪೇಸ್ ನನ್ನ ಸ್ಕೀಮಾ, ರೆಲ್‌ಕೈಂಡ್ 'ಆರ್' ಅಥವಾ 'ಪಿ', ಅಂದರೆ ಮಾಮೂಲಿ ಟೇಬಲ್ ಮತ್ತು ಪಾರ್ಟಿಷನ್ ಆದ ಟೇಬಲ್. ಗಾತ್ರ ಇಲ್ಲ, ಮಾಲೀಕರ ಹೆಸರಿಲ್ಲ, ಜಾಯಿನ್ ಇಲ್ಲ. ಇದನ್ನು ಪಿಎಸ್‌ಕ್ಯೂಎಲ್‌ಆರ್‌ಸಿ ಫೈಲ್‌ನಲ್ಲಿ \ಸೆಟ್ ಬಳಸಿ ಒಂದು ಚಿಕ್ಕ ಹೆಸರಿಗೆ ಕಟ್ಟಿಟ್ಟರೆ ಕೋಲನ್ ಹಾಕಿ ಆ ಹೆಸರು ಟೈಪ್ ಮಾಡಿದರೆ ಸಾಕು, ಪಟ್ಟಿ ಬರುತ್ತದೆ.